ಗಾಜಿನ ತೊಟ್ಟಿಯೊಳಗಿನ ಕಡಲಿಗೆ ಹೊಣೆ ಯಾರು?

ಮನೆಯೊಳಗೆ ಕಡಲನ್ನು ಸಾಕುವ ಹವ್ಯಾಸ ಇಂದು ತೀರಾ ಅಪರೂಪವಾಗಿ ಉಳಿದಿಲ್ಲ. ಬೆಂಗಳೂರಿನಂತಹ ನಗರಗಳ ಅನುಕೂಲವಂತರ ಮನೆಗಳಲ್ಲಿಯೂ, ಕೊಲ್ಲಿ ನಾಡುಗಳಲ್ಲಿ ದುಡಿಯುವ ನಮ್ಮವರ ಫ್ಲಾಟುಗಳಲ್ಲಿಯೂ ಉಪ್ಪುನೀರಿನ ಅಕ್ವೇರಿಯಂ ಕಾಣಸಿಗುತ್ತದೆ. ನೀಲಿ ಬೆಳಕು, ಅದರಡಿಯಲ್ಲಿ ತೂಗಾಡುವ ಹವಳ, ಕಿತ್ತಳೆ ಬಣ್ಣದ ಕ್ಲೌನ್ ಮೀನು ಇವನ್ನೆಲ್ಲ ಕಂಡವರು ಬೆರಗಾಗದಿರಲಾರರು. ಸೃಷ್ಟಿಯ ವೈಭವವನ್ನು ಮಕ್ಕಳಿಗೆ ಮನೆಯಲ್ಲಿಯೇ ತೋರಿಸಬೇಕೆಂಬ ಸದುದ್ದೇಶವೂ ಹಲವರಲ್ಲಿದೆ. ಈ ಹವ್ಯಾಸವನ್ನು ಹಳಿಯಲು ನಾವು ಹೊರಟಿಲ್ಲ. ಆದರೆ ಅಂಗಡಿಯಲ್ಲಿ ನಿಂತು ನಮ್ಮವರು ಕೇಳುವ ಪ್ರಶ್ನೆ ಒಂದೇ: ಇದಕ್ಕೆ ಎಷ್ಟಾಗುತ್ತದೆ? ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ. ಐದನೆಯ ವರ್ಷದಲ್ಲಿ ಇದರ ನೀರನ್ನು ಪರೀಕ್ಷಿಸುವವರು ಯಾರು? ಇದಕ್ಕೆ ಉತ್ತರವಿಲ್ಲದ ಮನೆಗೆ ಹವಳದ ತೊಟ್ಟಿಯನ್ನು ತರಬಾರದೆಂಬುದು ನಮ್ಮ ಅಭಿಪ್ರಾಯ.

ಈ ಮಾತಿಗೆ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವಿದೆ. 1828ರಲ್ಲಿ ಸ್ಕಾಟ್ಲೆಂಡಿನ ನಾರ್ತ್ ಬರ್ವಿಕ್ ಕಡಲ ತೀರದಲ್ಲಿ ಸರ್ ಜಾನ್ ಡ್ಯಾಲಿಯೆಲ್ ಎಂಬ ಪ್ರಕೃತಿ ವಿಜ್ಞಾನಿಗೆ ಒಂದು ಅನಿಮೋನ್ ಸಿಕ್ಕಿತು. ಅನಿಮೋನ್ ಎಂದರೆ ನೋಡಲು ಹೂವಿನಂತಿರುವ, ಬಂಡೆಗೆ ಅಂಟಿಕೊಂಡು ಬದುಕುವ ಕಡಲ ಪ್ರಾಣಿ. ಹವಳಕ್ಕೆ ಹತ್ತಿರದ ಸಂಬಂಧಿ. ಡ್ಯಾಲಿಯೆಲ್ ಅದನ್ನು ಎಡಿನ್‌ಬರೋದಲ್ಲಿದ್ದ ತಮ್ಮ ಮನೆಗೆ ತಂದು ಗಾಜಿನ ಜಾಡಿಯಲ್ಲಿಟ್ಟರು. ಆ ಕಾಲದಲ್ಲಿ ಪಂಪು ಇರಲಿಲ್ಲ, ಹೀಟರ್ ಇರಲಿಲ್ಲ, ವಿದ್ಯುದ್ದೀಪವೂ ಇರಲಿಲ್ಲ. ತಪ್ಪದೆ ಬದಲಾಯಿಸುವ ಕಡಲ ನೀರು, ಆಗಾಗ ಒಂದು ಚೂರು ಕಪ್ಪೆಚಿಪ್ಪಿನ ಮಾಂಸ, ಇಷ್ಟೇ ಅದರ ಪಾಲನೆ. 1851ರಲ್ಲಿ ಡ್ಯಾಲಿಯೆಲ್ ತೀರಿಕೊಂಡರು. ಅನಿಮೋನ್ ಸಾಯಲಿಲ್ಲ. ಅದು ಒಬ್ಬ ಪಾಲಕನಿಂದ ಇನ್ನೊಬ್ಬನ ಕೈಗೆ ಸಾಗುತ್ತಾ ಕೊನೆಗೆ ಎಡಿನ್‌ಬರೋದ ಸಸ್ಯೋದ್ಯಾನವನ್ನು ಸೇರಿತು. ಜನರು ಅದಕ್ಕೆ 'ಗ್ರ್ಯಾನಿ', ಅಂದರೆ ಅಜ್ಜಿ, ಎಂದು ಹೆಸರಿಟ್ಟಿದ್ದರು. 1887ರವರೆಗೆ, 59 ವರ್ಷಗಳ ಕಾಲ, ಅದು ಮನುಷ್ಯರ ಜತನದಲ್ಲಿ ಬದುಕಿತು. ಅದನ್ನು ಬದುಕಿಸಿದ್ದು ಯಾವ ಉಪಕರಣವೂ ಅಲ್ಲ. ಒಬ್ಬರ ಕೈ ಬಿಟ್ಟೊಡನೆ ಮತ್ತೊಬ್ಬರು ಹೊಣೆಯನ್ನು ವಹಿಸಿಕೊಂಡರು, ಅಷ್ಟೇ.

ಅದೇ ಕಾಲದಲ್ಲಿ ಇದಕ್ಕೆ ವಿರುದ್ಧವಾದ ಕಥೆಯೊಂದೂ ನಡೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಎಂಬ ಆಂಗ್ಲ ಲೇಖಕರು ಅಕ್ವೇರಿಯಂ ಕುರಿತು ಪುಸ್ತಕವೊಂದನ್ನು ಪ್ರಕಟಿಸಿದರು. ಸ್ವತಃ ಭಕ್ತರೂ ಸೃಷ್ಟಿಯ ಸೂಕ್ಷ್ಮಗಳಿಗೆ ಮನಸೋತವರೂ ಆಗಿದ್ದ ಅವರ ಉದ್ದೇಶ ಒಳ್ಳೆಯದೇ ಆಗಿತ್ತು. ಪುಸ್ತಕ ಓದಿದ ಜನರು ಬುಟ್ಟಿ ಹಿಡಿದು ಇಂಗ್ಲೆಂಡಿನ ಕಡಲ ತೀರಗಳಿಗೆ ಮುಗಿಬಿದ್ದರು. ಬಂಡೆಗಳ ನಡುವಣ ನೀರಿನ ಹೊಂಡಗಳಲ್ಲಿದ್ದ ಜೀವಿಗಳನ್ನು ಬರಿದು ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಹುಚ್ಚು ಇಳಿಯಿತು. ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಪ್ರಕಟವಾದ ತಮ್ಮ ನೆನಪುಗಳಲ್ಲಿ, ತಂದೆಯ ಪುಸ್ತಕಗಳೇ ಪರೋಕ್ಷವಾಗಿ ಆ ತೀರಗಳ ನಾಶಕ್ಕೆ ಕಾರಣವಾದುದನ್ನು ನೋವಿನಿಂದ ದಾಖಲಿಸಿದ್ದಾರೆ. ಒಂದು ಕಡೆ ಒಂದೇ ಜೀವಿಗೆ 59 ವರ್ಷಗಳ ಆರೈಕೆ. ಇನ್ನೊಂದು ಕಡೆ ಸಾವಿರಾರು ಜೀವಿಗಳಿಗೆ ಕೆಲವು ವಾರಗಳ ಆಯುಷ್ಯ. ನಮ್ಮ ಮನೆಯ ತೊಟ್ಟಿ ಇವೆರಡರಲ್ಲಿ ಯಾವ ಕಥೆಗೆ ಸೇರುತ್ತದೆ ಎಂಬುದನ್ನು ನಾವೇ ನಿರ್ಧರಿಸಬೇಕು.

ಹವಳದ ತೊಟ್ಟಿಯನ್ನು ಕಾಪಾಡುವುದು ಏಕೆ ಕಷ್ಟ ಎಂಬುದನ್ನು ತಿಳಿಯಲು ಅದರ ಒಳಗಿನ ವ್ಯವಹಾರವನ್ನು ಸ್ವಲ್ಪ ಅರಿಯಬೇಕು. ಮೀನಿನ ವಿಸರ್ಜನೆ ಹಾಗೂ ತಿಂದುಳಿದ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕಲ್ಲುಗಳ ಮೇಲೆ ನೆಲೆಸಿದ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಅದನ್ನು ಕಡಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಕಾಣದ ಕೆಲಸಗಾರರು ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. 1961ರಲ್ಲಿ ಇಂಡೋನೇಷ್ಯಾದ ಲೀ ಚಿನ್ ಎಂಗ್ ಎಂಬವರು ಕಡಲಿನಿಂದ ತಂದ ಜೀವಂತ ಕಲ್ಲುಗಳನ್ನೇ ಶೋಧಕವಾಗಿ ಬಳಸುವ ತಮ್ಮ ವಿಧಾನವನ್ನು ಜಗತ್ತಿಗೆ ತಿಳಿಸಿದರು. ಇಂದಿನ ಹವಳದ ತೊಟ್ಟಿಗಳೆಲ್ಲ ಆ ತಿಳಿವಳಿಕೆಗೆ ಋಣಿ. ತೊಟ್ಟಿಗೆ ನೀರು ತುಂಬಿದ ದಿನವೇ ಮೀನನ್ನೂ ಬಿಡುವ ಅವಸರಗಾರನು ಈ ಕೆಲಸಗಾರರು ಬರುವ ಮೊದಲೇ ಅತಿಥಿಗಳನ್ನು ಕರೆದಂತೆ. ಅವರ ಗತಿ ಏನಾಗುವುದೆಂದು ಹೇಳಬೇಕಾಗಿಲ್ಲ.

ಹವಳದ ಸ್ವಭಾವ ಇನ್ನೂ ಸೂಕ್ಷ್ಮ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಉಣಿಸುವುದು ಆ ಪಾಚಿಯೇ. ನೀರು ವಿಪರೀತ ಬಿಸಿಯಾದರೆ ಹವಳವು ಅದನ್ನು ಹೊರದೂಡಿ ಬಿಳಿಚಿಕೊಳ್ಳುತ್ತದೆ, ಮುಂದೆ ಹಸಿದು ಸಾಯುತ್ತದೆ. ಆದ್ದರಿಂದ ಶಾಖವು 25, 26 ಡಿಗ್ರಿಯ ಆಸುಪಾಸಿನಲ್ಲಿಯೂ, ಉಪ್ಪು ಲೀಟರಿಗೆ ಸುಮಾರು 35 ಗ್ರಾಂನಲ್ಲಿಯೂ, ಕ್ಯಾಲ್ಸಿಯಂ 400ರಿಂದ 450 ಮಿಲಿಗ್ರಾಂನಲ್ಲಿಯೂ ನಿಲ್ಲಬೇಕು. ಇಲ್ಲಿ 'ನಿಲ್ಲಬೇಕು' ಎಂಬುದೇ ಮುಖ್ಯವಾದ ಮಾತು. ಇಂದು ಒಂದು ಅಳತೆ, ನಾಳೆ ಇನ್ನೊಂದು ಅಳತೆ ಎಂದು ಓಲಾಡುವ ತೊಟ್ಟಿಗಿಂತ, ಆದರ್ಶದಿಂದ ತುಸು ದೂರವಿದ್ದರೂ ಒಂದೇ ಕಡೆ ನಿಂತ ತೊಟ್ಟಿ ಮೇಲು. ಹತ್ತಾರು ವರ್ಷ ಹವಳ ಸಾಕಿದವರ ಅನುಭವ ಇದನ್ನೇ ಹೇಳುತ್ತದೆ.

ಒಂದು ಸರಳ ಲೆಕ್ಕವನ್ನು ನೋಡೋಣ. ಇನ್ನೂರು ಲೀಟರಿನ ತೊಟ್ಟಿಯಿಂದ ದಿನಕ್ಕೆ ಮೂರು ಲೀಟರ್ ನೀರು ಆವಿಯಾಗುತ್ತದೆ ಎಂದುಕೊಳ್ಳಿ. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಆ ಕೊರತೆಯನ್ನು ಶುದ್ಧ ಸಿಹಿನೀರಿನಿಂದಲೇ ತುಂಬಬೇಕು. ಇದನ್ನು ತಿಳಿಯದ ಬಂಧುವೊಬ್ಬರು ಹತ್ತು ದಿನ ಉಪ್ಪುನೀರನ್ನೇ ಸುರಿದರೆ ಒಂದು ಕಿಲೋಗ್ರಾಂಗೂ ಹೆಚ್ಚು ಉಪ್ಪು ಹೊಸದಾಗಿ ಸೇರುತ್ತದೆ. ಲೀಟರಿಗೆ 35 ಗ್ರಾಂ ಇದ್ದುದು 40 ಗ್ರಾಂ ಆಗುತ್ತದೆ. ಅವರಲ್ಲಿ ಅಲಕ್ಷ್ಯವಿರಲಿಲ್ಲ, ಪ್ರೀತಿಯಿಂದಲೇ ಸುರಿದರು. ಆದರೂ ಹವಳ ಸಾಯುತ್ತದೆ. ಹೊಣೆಯನ್ನು ವಹಿಸುವಾಗ ತಿಳಿವಳಿಕೆಯನ್ನೂ ಜೊತೆಗೆ ಕೊಡಬೇಕು ಎನ್ನುವುದು ಇದಕ್ಕಾಗಿಯೇ.

ಕೊಲ್ಲಿಯಲ್ಲಿರುವ ನಮ್ಮ ಕುಟುಂಬಗಳು ಈ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. ಶಾಲೆಗಳಿಗೆ ಬೇಸಗೆ ರಜೆ ಸಿಕ್ಕೊಡನೆ ತಾಯಿ ಮಕ್ಕಳು ಊರಿಗೆ ಹೊರಡುತ್ತಾರೆ. ಹೊರಗೆ 45 ಡಿಗ್ರಿಯ ಬಿಸಿಲು. ಫ್ಲಾಟಿನ ಏ.ಸಿ. ಆರಿಸಿದರೆ ತೊಟ್ಟಿಯ ನೀರು ಕೆಲವೇ ಗಂಟೆಗಳಲ್ಲಿ ಹವಳ ಸಹಿಸಲಾರದಷ್ಟು ಕಾಯುತ್ತದೆ. ಮುಂದೆ ಉದ್ಯೋಗ ಬದಲಾದರೆ, ವೀಸಾ ಮುಗಿದರೆ, ಬಾಡಿಗೆ ಮನೆ ಬಿಡಬೇಕಾದರೆ ಆ ತೊಟ್ಟಿ ಎಲ್ಲಿಗೆ ಹೋಗಬೇಕು? ಊರಿನಲ್ಲಿರುವವರಿಗೆ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ವಿದ್ಯುತ್ ನಿಂತರೆ ಪಂಪು ನಿಲ್ಲುತ್ತದೆ. ನೀರು ಚಲಿಸದಿದ್ದರೆ ಅದರಲ್ಲಿನ ಆಮ್ಲಜನಕ ಕುಗ್ಗಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬ್ಯಾಟರಿಯಿಂದ ನಡೆಯುವ ಒಂದು ಸಣ್ಣ ಗಾಳಿ ಪಂಪು ಇದ್ದರೆ ಅವು ಬದುಕುತ್ತವೆ. ಸಾವಿರಾರು ರೂಪಾಯಿಯ ದೀಪಕ್ಕೆ ಹಣ ಹೊಂದಿಸಿದವರು ಈ ಪುಟ್ಟ ಯಂತ್ರವನ್ನು ಮರೆಯುವುದೇಕೆ?

ಇನ್ನು, ಹಳೆಯ ತೊಟ್ಟಿಗಳು ಎಲ್ಲ ಬಾರಿಯೂ ಒಂದೇ ರಾತ್ರಿಯಲ್ಲಿ ಸಾಯುವುದಿಲ್ಲ. ವರ್ಷಗಳ ಅಲಕ್ಷ್ಯದಿಂದ ಮೆಲ್ಲನೆ ಸಾಯುತ್ತವೆ. ಮರಳಿನ ಅಡಿಯಲ್ಲಿ ಕಶ್ಮಲ ತುಂಬುತ್ತದೆ. ಕಲ್ಲುಗಳು ಫಾಸ್ಫೇಟನ್ನು ಹೀರಿಕೊಂಡು ಮುಂದೆ ನೀರಿಗೇ ಬಿಟ್ಟುಕೊಡುತ್ತವೆ. ಪಾಚಿ ಹಬ್ಬುತ್ತದೆ. ಪಂಪಿನೊಳಗೆ ಸುಣ್ಣ ಕಟ್ಟಿ ನೀರಿನ ಓಟ ತಗ್ಗುತ್ತದೆ. ಹಳೆಯ ಹೀಟರ್ ಒಂದು ದಿನ ಆರದೆ ಉರಿಯುತ್ತಲೇ ಇದ್ದುಬಿಡುತ್ತದೆ. ಇವಕ್ಕೆಲ್ಲ ಮದ್ದು ಬೇಸರ ಹುಟ್ಟಿಸುವಷ್ಟು ಸರಳ: ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹತ್ತನೆಯ ಒಂದು ಭಾಗದಷ್ಟು ನೀರನ್ನು ಬದಲಾಯಿಸುವುದು, ಪಂಪನ್ನು ಕೆಲವು ತಿಂಗಳಿಗೊಮ್ಮೆ ವಿನೆಗರಿನಲ್ಲಿ ನೆನೆಸಿ ತೊಳೆಯುವುದು, ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಅಂಗಡಿಯಲ್ಲಿ ಸಿಗುವ ಯಾವ ಸೀಸೆಯೂ ಈ ಸರಳ ಕೆಲಸಕ್ಕೆ ಬದಲಿಯಾಗದು.

ಮಕ್ಕಳಿರುವ ಮನೆಗೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಪಾಲಿಥೋವ ಮೊದಲಾದ ಕೆಲವು ಜಾತಿಯ ಗುಂಡಿ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಭೀಕರ ವಿಷವಿರುತ್ತದೆ. ಅವು ಬೆಳೆದ ಕಲ್ಲನ್ನು ಕುದಿಯುವ ನೀರಿನಲ್ಲಿ ಹಾಕಿ ಅಥವಾ ಒರಟಾಗಿ ಉಜ್ಜಿ ತೊಳೆಯಲು ಹೋದ ಇಡೀ ಕುಟುಂಬಗಳು ಅದರ ಆವಿ, ತುಂತುರುಗಳಿಂದ ಆಸ್ಪತ್ರೆ ಸೇರಿದ ಘಟನೆಗಳು ವಿದೇಶಗಳಲ್ಲಿ ವರದಿಯಾಗಿವೆ. ಕಲ್ಲನ್ನು ಕುದಿಸಕೂಡದು. ತೊಟ್ಟಿಗೆ ಕೈ ಹಾಕುವಾಗ ಕೈಗವಸು ಇರಲಿ, ಕತ್ತರಿಸುವ ಕೆಲಸವಿದ್ದರೆ ಕಣ್ಣಿಗೂ ರಕ್ಷಣೆ ಇರಲಿ.

ಇದೆಲ್ಲ ದುಂದುವೆಚ್ಚವಲ್ಲವೇ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಬಾಲಕ ಅಬೂ ಉಮೈರ್‌ನ ಬಳಿ ಪುಟ್ಟ ಹಕ್ಕಿಯೊಂದಿತ್ತು. ಅದು ಸತ್ತಾಗ ಪ್ರವಾದಿಯವರು(ಸ) ಆ ಮಗುವಿನ ದುಃಖವನ್ನು ವಿಚಾರಿಸಿದ್ದು ನಮಗೆಲ್ಲ ತಿಳಿದಿದೆ. ಪ್ರಾಣಿಗಳನ್ನು ಮನೆಯಲ್ಲಿ ಸಾಕಬಹುದೆಂಬುದಕ್ಕೆ ವಿದ್ವಾಂಸರು ಆ ಪ್ರಸಂಗವನ್ನು ಆಧಾರವಾಗಿ ತೋರಿಸುತ್ತಾರೆ. ಜೊತೆಗೆ, ಬೆಕ್ಕನ್ನು ಕಟ್ಟಿಹಾಕಿ ಉಪವಾಸ ಕೆಡವಿದ ಸ್ತ್ರೀಗೆ ದೊರೆತ ಶಿಕ್ಷೆಯೂ ನಮಗೆ ತಿಳಿದಿದೆ. ಸಾಕುವ ಅನುಮತಿ, ಹೊಣೆಯ ಎಚ್ಚರಿಕೆ ಎರಡೂ ಒಟ್ಟಿಗೇ ಇವೆ. ಬೆಕ್ಕಾದರೂ ಬಿಟ್ಟರೆ ಬೀದಿಯಲ್ಲಿ ಹುಡುಕಿ ತಿಂದೀತು. ತೊಟ್ಟಿಯ ಮೀನಿಗೆ ಗಾಜಿನ ಆಚೆ ಬದುಕೇ ಇಲ್ಲ; ಅದರ ನೀರು, ಉಸಿರು, ಹಗಲು, ರಾತ್ರಿ ಎಲ್ಲವೂ ನಮ್ಮ ಕೈಯಲ್ಲಿವೆ. ಅಮಾನತ್ ಎಂಬ ಮಾತಿಗೆ ಇದಕ್ಕಿಂತ ಕಟ್ಟುನಿಟ್ಟಾದ ಉದಾಹರಣೆ ಮನೆಯೊಳಗೆ ಸಿಗುವುದು ವಿರಳ. ಹತ್ತು ವರ್ಷ ಜತನದಿಂದ ಕಾಪಾಡಿದ ತೊಟ್ಟಿಯನ್ನು ನಾವು ದುಂದುವೆಚ್ಚ ಎನ್ನಲಾರೆವು. ಒಂದೇ ವರ್ಷದಲ್ಲಿ ಮೂರು ಬಾರಿ ಮೀನು ಸತ್ತು, ಮೂರು ಬಾರಿಯೂ ಹೊಸದನ್ನು ಕೊಂಡು ತುಂಬಿದ ತೊಟ್ಟಿಗೆ ಆ ಹೆಸರು ಸಲ್ಲುತ್ತದೆ.

ಜೀವಿಗಳು ಎಲ್ಲಿಂದ ಬಂದವು ಎಂಬುದೂ ಹೊಣೆಯ ಭಾಗವೇ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳನ್ನೂ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ, ಕಡಲ್ಗುದುರೆಗಳನ್ನೂ ರಕ್ಷಿಸುತ್ತದೆ. ನಮ್ಮ ಕಡಲಿನಿಂದ ಅವುಗಳನ್ನು ಕಿತ್ತು ಮಾರುವುದು ಅಪರಾಧ. ಮಾರುವವನು 'ಎಲ್ಲರೂ ಇಟ್ಟುಕೊಂಡಿದ್ದಾರೆ' ಎಂದರೆ ನಂಬಬಾರದು. ಲಕ್ಷದ್ವೀಪದ ಹವಳಗಳು 1998, 2010, 2016ರಲ್ಲಿ, ಮತ್ತೆ 2024ರಲ್ಲಿ ಕಡಲಿನ ಬಿಸಿಗೆ ಬಿಳಿಚಿಕೊಂಡಿವೆ. ಹೀಗೆ ನರಳುತ್ತಿರುವ ದಿಬ್ಬದಿಂದ ಕಿತ್ತು ತಂದು ಮನೆಯನ್ನು ಅಲಂಕರಿಸುವುದು ಸಲ್ಲದು. ಕ್ಲೌನ್ ಮೀನನ್ನಾದರೋ ತೊಟ್ಟಿಯಲ್ಲಿಯೇ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬಹಳ ಹಿಂದೆಯೇ ರೂಪಿಸಿದೆ. ಹೀಗೆ ಬೆಳೆಸಿದ ಮೀನು ಕಡಲಿಗೆ ನಷ್ಟ ಉಂಟುಮಾಡುವುದಿಲ್ಲ, ತೊಟ್ಟಿಗೂ ಬೇಗ ಒಗ್ಗುತ್ತದೆ. ಅದು 20 ವರ್ಷಕ್ಕೂ ಮೀರಿ ಬದುಕಬಲ್ಲದು. ಏಳು ವರ್ಷದ ಮಗುವಿಗೆಂದು ತಂದ ಮೀನು ಆ ಮಗುವಿನ ಮದುವೆಯ ದಿನವೂ ಈಜುತ್ತಿರಬಹುದು ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ಆದ್ದರಿಂದ ನಮ್ಮ ಸಲಹೆ ಇಷ್ಟು. ತೊಟ್ಟಿ ತರುವ ಮೊದಲು ಮನೆಯವರೆಲ್ಲ ಕುಳಿತು ಮಾತನಾಡಲಿ. ತಂದೆಯ ಆಸೆಗೆ ತಂದದ್ದು ತಾಯಿಯ ತಲೆಗೆ ಕಟ್ಟುವ ಹೊರೆಯಾಗದಿರಲಿ. ಮನೆಯಲ್ಲಿ ಇಬ್ಬರಾದರೂ ಕೆಲಸವನ್ನು ಕಲಿಯಲಿ, ಹೊರಗಿನ ಮೂರನೆಯ ಒಬ್ಬರಿಗೆ ಅದನ್ನು ಬರಹದಲ್ಲಿ ತಿಳಿಸಿಡಲಿ. ಯಂತ್ರಗಳ ದುರಸ್ತಿಗೂ ವಿದ್ಯುತ್ತಿಗೂ ತಗಲುವ ಖರ್ಚನ್ನು ಮೊದಲೇ ಲೆಕ್ಕ ಹಾಕಲಿ. ಊರು ಬಿಡುವ ದಿನ ಬಂದರೆ ತೊಟ್ಟಿಯನ್ನು ಯಾರು ಸ್ವೀಕರಿಸುವರು ಎಂಬುದೂ ತೀರ್ಮಾನವಾಗಿರಲಿ. ಇಷ್ಟಕ್ಕೆ ಸಿದ್ಧರಿರುವ ಮನೆಯಲ್ಲಿ ಮಕ್ಕಳು ತಾಳ್ಮೆಯನ್ನು ಪಾಠಪುಸ್ತಕವಿಲ್ಲದೆಯೇ ಕಲಿಯುತ್ತಾರೆ.

ಸಿದ್ಧರಿಲ್ಲದವರು ನಿರಾಶರಾಗಬೇಕಿಲ್ಲ. ನಮ್ಮ ಕರಾವಳಿಯಲ್ಲಿ ಕಡಲು ಇಳಿದ ವೇಳೆಗೆ ಮಕ್ಕಳ ಕೈ ಹಿಡಿದು ಬಂಡೆಗಳಿರುವ ತೀರಕ್ಕೆ ಹೋಗಬಹುದು. ಅಲ್ಲಿನ ನೀರಿನ ಹೊಂಡಗಳಲ್ಲಿ ಏಡಿಯೂ, ಸಣ್ಣ ಮೀನೂ, ಅದೃಷ್ಟವಿದ್ದರೆ ಅನಿಮೋನೂ ಕಾಣಸಿಗುತ್ತವೆ. ಕುಳಿತು ನೋಡಲಿ, ಪ್ರಶ್ನೆ ಕೇಳಲಿ. ಬರುವಾಗ ಏನನ್ನೂ ಎತ್ತಿಕೊಳ್ಳದೆ ಬರಿಗೈಯಲ್ಲಿ ಬರಲಿ. ಆ ಹೊಂಡದ ಪಾಲನೆಯನ್ನು ದಿನಕ್ಕೆರಡು ಬಾರಿ ಬರುವ ಉಬ್ಬರವೇ ನೋಡಿಕೊಳ್ಳುತ್ತದೆ.