ದಾಟಬಾರದ ಗೆರೆಗಳ ರಂಗೋಲಿ

ಮಕ್ಕಳೇ, ಟಿವಿಯ ಹಳೆಯ ರಿಮೋಟ್ ಮೂಲೆಯಲ್ಲಿ ಬಿದ್ದಿದ್ದರೆ, ಸೆಲ್ ತೆಗೆದು ಬೆನ್ನು ಬಿಚ್ಚಿ ನೋಡಿ. ಒಳಗೊಂದು ತೆಳುವಾದ ಹಲಗೆ ಇರುತ್ತದೆ. ಅದೇ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್, ಅಂದರೆ ಪಿಸಿಬಿ. ಅಜ್ಜಿಗೆ ತೋರಿಸಿದರೆ ರಂಗೋಲಿ ಎಂದಾರು! ಚುಕ್ಕಿಗಳು ಬಿಡಿಭಾಗಗಳ ಕಾಲಿಗೆ ಬೆಸುಗೆ ಹಾಕುವ ಜಾಗ. ಗೆರೆಗಳು ಕರೆಂಟು ಹರಿಯುವ ತಾಮ್ರದ ದಾರಿ. ಅಂಗಳದ ರಂಗೋಲಿಯಲ್ಲಿ ಗೆರೆ ಗೆರೆಯನ್ನು ದಾಟಬಹುದು. ಇಲ್ಲಿ ದಾಟಿದರೆ ಶಾರ್ಟ್ ಸರ್ಕ್ಯೂಟ್!

ನಮ್ಮ ಕಾಲದ ವಾಲ್ವ್ ರೇಡಿಯೋಗಳ ಹೊಟ್ಟೆಯಲ್ಲಿ ತಂತಿಗಳ ಸಿಕ್ಕೇ ಇರುತ್ತಿತ್ತು. ತಂತಿಯ ಬದಲು ಹಲಗೆಯ ಮೇಲೆ ತಾಮ್ರದ ಗೆರೆ ಮೂಡಿಸಿ ರೇಡಿಯೋ ಕಟ್ಟಿ ತೋರಿಸಿದವರು ಪಾಲ್ ಐಸ್ಲರ್ ಎಂಬ ಆಸ್ಟ್ರಿಯಾದ ಎಂಜಿನಿಯರ್. ಅದು 1936ರ ಸುಮಾರು, ಲಂಡನ್ನಿನಲ್ಲಿ. ಬೆಂಗಳೂರಿನಲ್ಲಿ 1954ರಲ್ಲಿ ಶುರುವಾದ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಮತಯಂತ್ರದ ಒಳಗೂ ಇಂಥ ಹಲಗೆಗಳೇ ಇವೆ.

ಇದನ್ನು ನಾವೇ ಮಾಡಬಹುದೇ? ಧಾರಾಳವಾಗಿ. ವರದೆ, ತುಂಗಭದ್ರೆ ಹತ್ತಿರವೇ ಹರಿದರೂ ಬೇಸಗೆಯಲ್ಲಿ ನೀರಿನ ಬೆಲೆ ಗುತ್ತಲದ ಸೀಮೆಯವರಿಗೆ ಗೊತ್ತು. ಆದರೂ ಮೋಟರ್ ಹಾಕಿ ಮರೆತು, ಟ್ಯಾಂಕ್ ತುಂಬಿ ನೀರು ಓಣಿಗೆ ಹರಿಯುತ್ತದೆ. ಹಾಗಾಗಿ ಮೊದಲ ಬೋರ್ಡು 'ಟ್ಯಾಂಕ್ ತುಂಬಿತು' ಎಂದು ಕೂಗುವುದೇ ಆಗಲಿ. ಬೇಕಾದದ್ದು 9 ವೋಲ್ಟ್ ಬ್ಯಾಟರಿ, ಬಜರ್, ಬಿಸಿ547 ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್, ಎರಡು ತಂತಿ. ನೀರು ಮೇಲೇರಿ ಎರಡೂ ತಂತಿಯ ತುದಿಗೆ ತಾಗಿದಾಗ ನೀರಿನ ಮೂಲಕ ಚೂರು ಕರೆಂಟು ಹರಿದು ಟ್ರಾನ್ಸಿಸ್ಟರನ್ನು ಎಬ್ಬಿಸುತ್ತದೆ. ಅದು ಬಜರನ್ನು ಕೂಗಿಸುತ್ತದೆ. ಮನೆಯ 230 ವೋಲ್ಟಿನ ತಂಟೆಗೆ ಮಾತ್ರ ಹೋಗಬೇಡಿ.

ಮೊದಲು ಕಾಗದದ ಮೇಲೆ ಯಾವುದಕ್ಕೆ ಯಾವುದು ಸೇರಬೇಕೆಂದು ಬರೆಯಿರಿ. ಆಮೇಲೆ ಬೆಸುಗೆ ಬೇಡದ ಬ್ರೆಡ್‌ಬೋರ್ಡಿನಲ್ಲಿ ಜೋಡಿಸಿ, ಲೋಟದ ನೀರಿನಲ್ಲಿ ತಂತಿ ಅದ್ದಿ ನೋಡಿ. ಕೂಗಿದರೆ ಮುಂದಿನ ಹೆಜ್ಜೆ. ಕಂಪ್ಯೂಟರಿನಲ್ಲಿ ಕೀಕ್ಯಾಡ್ ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಅದೇ ನಕ್ಷೆ ಬರೆದು, ಬಿಡಿಭಾಗಗಳನ್ನು ಹಲಗೆಯ ಮೇಲೆ ಕೂರಿಸಿ, ಗೆರೆ ಎಳೆಯಿರಿ. ಬ್ಯಾಂಕಿನಲ್ಲಿ ನಾವು ಸಂಜೆ ಲೆಕ್ಕ ತಾಳೆ ನೋಡದೆ ಏಳುತ್ತಿರಲಿಲ್ಲ. ಹಾಗೆಯೇ ಈ ತಂತ್ರಾಂಶವೂ ಎಲ್ಲಿ ಗೆರೆ ತಾಗಿದೆ, ಎಲ್ಲಿ ಕೂಡಿಕೆ ಬಿಟ್ಟುಹೋಗಿದೆ ಎಂದು ತಾಳೆ ನೋಡಿ ಹೇಳುತ್ತದೆ. ಬಳಿಕ ನಕ್ಷೆಯನ್ನು ನಿಜವಾದ ಅಳತೆಯಲ್ಲೇ ಕಾಗದಕ್ಕೆ ಅಚ್ಚು ಹಾಕಿ, ಬಿಡಿಭಾಗಗಳ ಕಾಲನ್ನು ಅದರ ಮೇಲಿಟ್ಟು ನೋಡಿ. ಕಾಗದ ಕೆಟ್ಟರೆ ಎರಡು ರೂಪಾಯಿ, ಬೋರ್ಡು ಕೆಟ್ಟರೆ ನೂರಾರು!

ತಾಮ್ರ ಹೊದಿಸಿದ ಹಲಗೆಯ ಮೇಲೆ ಗೆರೆಗಳನ್ನು ಅಳಿಸಲಾಗದ ಶಾಯಿಯಲ್ಲಿ ಬರೆದು ಫೆರಿಕ್ ಕ್ಲೋರೈಡ್ ದ್ರಾವಣದಲ್ಲಿ ಅದ್ದಿದರೆ, ಶಾಯಿ ಇಲ್ಲದ ಕಡೆಯ ತಾಮ್ರ ಕರಗಿಹೋಗುತ್ತದೆ. ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿಯ ಶಿಲ್ಪಿಗಳು ಬೇಡದ ಕಲ್ಲನ್ನಷ್ಟೇ ತೆಗೆದು ಮೂರ್ತಿ ಉಳಿಸಿದರಲ್ಲ, ಅದೇ ಉಪಾಯ. ಆದರೆ ಈ ದ್ರಾವಣ ಚರ್ಮ, ಕಣ್ಣಿಗೆ ಕೆಟ್ಟದ್ದು. ಕೈಗವಸು ಹಾಕಿದ ದೊಡ್ಡವರೇ ಮಾಡಲಿ, ಗಟಾರಕ್ಕೆ ಚೆಲ್ಲಬಾರದು. ಇಲ್ಲವೇ ನಕ್ಷೆಯ ಫೈಲನ್ನು ಬೋರ್ಡು ಮಾಡಿಕೊಡುವವರಿಗೆ ಕಳಿಸಿ.

ಅಜ್ಜಂದಿರೇ, 'ನಮಗಿದು ತಿಳಿಯೋದಲ್ಲ ಬಿಡ್ರಿ' ಎನ್ನಬೇಡಿ. ಮೊಮ್ಮಕ್ಕಳಿಗೆ ಕಣ್ಣು, ಬೆರಳು ಚುರುಕು; ಮತ್ತೊಮ್ಮೆ ತಾಳೆ ನೋಡುವ ತಾಳ್ಮೆ ನಮ್ಮದು. ಎರಡೂ ಕೂಡಿದರೇ ಕೆಲಸ.

ಈ ವಾರದ ಒಗಟು: ಮೂರು ಮನೆ, ಎದುರಿಗೆ ನೀರು, ಕರೆಂಟು, ಗ್ಯಾಸಿನ ಮೂರು ಕೇಂದ್ರ. ಪ್ರತಿ ಮನೆಗೂ ಮೂರೂ ಕೇಂದ್ರದಿಂದ ಗೆರೆ ಎಳೆಯಿರಿ, ಒಟ್ಟು ಒಂಬತ್ತು. ಗೆರೆ ಗೆರೆಯನ್ನು ದಾಟಬಾರದು. ಮನೆ, ಕೇಂದ್ರಗಳೊಳಗಿಂದಲೂ ಹಾಯಬಾರದು. ಎಂಟು ಗೆರೆಗೆ ದಾರಿ ಸಿಗುತ್ತದೆ, ಒಂಬತ್ತನೆಯದು ಸಿಗುವುದೇ ಇಲ್ಲ. ಆ ಒಂದನ್ನು ಕಾಗದಕ್ಕೆ ತೂತು ಮಾಡಿ ಹಿಂಬದಿಯಿಂದ ಒಯ್ಯಿರಿ. ದೊಡ್ಡ ಬೋರ್ಡುಗಳಿಗೆ ಎರಡು ಮಗ್ಗುಲಲ್ಲೂ ತಾಮ್ರ ಏಕೆಂದು ಆಗ ನಿಮಗೇ ತಿಳಿಯುತ್ತದೆ.