ಬೆಕ್ಕನ್ನು ಚೀಲಕ್ಕೆ ತುಂಬುವ ಮೊದಲು

ಕಳೆದ ವರ್ಷ ಶಾಬಾನ್ ತಿಂಗಳಲ್ಲಿ ಅರುವತ್ತೈದು ದಾಟಿದ ಒಬ್ಬ ತಾಯಿಯನ್ನು ಅವರ ಮಗ ನನ್ನ ಕ್ಲಿನಿಕ್‌ಗೆ ಕರೆತಂದರು. ರಾತ್ರಿ ನಿದ್ದೆ ಬರುವುದಿಲ್ಲ, ಎದೆ ಡವಡವ ಎನ್ನುತ್ತದೆ, ಊಟ ಸೇರುವುದಿಲ್ಲ ಎಂಬ ದೂರು. ನಬ್ಝ್ ನೋಡಿದೆ, ರಕ್ತದೊತ್ತಡ ನೋಡಿದೆ, ಸಕ್ಕರೆ, ಥೈರಾಯ್ಡ್, ಇಸಿಜಿ ಎಲ್ಲವನ್ನೂ ಮಾಡಿಸಿದೆ. ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ. ಖಮೀರಾ ಗಾವ್‌ಝಬಾನ್ ಬರೆದುಕೊಟ್ಟು ಕಳಿಸಿದೆ. ಹದಿನೈದು ದಿನ ಬಿಟ್ಟು ಮತ್ತೆ ಬಂದರು. ಏನೂ ಬದಲಾಗಿರಲಿಲ್ಲ.

ಮಗ ಫೋನ್ ಬಂತೆಂದು ಹೊರಗೆ ಹೋದಾಗ ಆ ತಾಯಿ ಮೆಲ್ಲಗೆ ಹೇಳಿದರು: “ಬೇಟಿ, ನನ್ನ ಮುನ್ನಿಯನ್ನು ಚೀಲದಲ್ಲಿ ಕಟ್ಟಿಕೊಂಡು ಹೋಗಿ ಮಟನ್ ಮಾರ್ಕೆಟ್ ಹತ್ತಿರ ಬಿಟ್ಟು ಬಂದರು. ಆರು ವರ್ಷ ನನ್ನ ಕಾಲ ಬಳಿಯೇ ಮಲಗುತ್ತಿತ್ತು.”

ಮುನ್ನಿ ಎಂದರೆ ಬೆಕ್ಕು. ಸೊಸೆಗೆ ಮೂರು ತಿಂಗಳು. ಮನೆಯಲ್ಲಿ ಬೆಕ್ಕಿದ್ದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ ಎಂದು ಯಾರೋ ಹೇಳಿದ್ದರು. ಮಗ ಹೆದರಿ ಅದೇ ಸಂಜೆ ಬೆಕ್ಕನ್ನು ಸಾಗಿಸಿದ್ದರು. ಈ ಕಥೆಯಲ್ಲಿ ಕೆಟ್ಟವರು ಯಾರೂ ಇಲ್ಲ. ಮಗನಿಗೆ ಹೆಂಡತಿ, ಮಗುವಿನ ಕಾಳಜಿ; ಸೊಸೆಗೆ ಭಯ; ಅತ್ತೆಗೆ ಬಾಯಿ ಬಿಟ್ಟು ಹೇಳಲು ಸಂಕೋಚ. ಸೊಸೆ ಬಸುರಿಯಾಗಿರುವಾಗ ಬೆಕ್ಕಿಗಾಗಿ ಅಳುವುದು ಸರಿಯೇ ಎಂದು ಅವರೇ ತಮ್ಮನ್ನು ಗದರಿಸಿಕೊಂಡಿದ್ದರು.

ತಪ್ಪು ನನ್ನದೂ ಇತ್ತು. ಏನು ತಿನ್ನುತ್ತೀರಿ ಎಂದು ಕೇಳಿದ್ದೆ, ಮಲಬದ್ಧತೆ ಇದೆಯೇ ಎಂದು ಕೇಳಿದ್ದೆ. ದಿನ ಹೇಗೆ ಕಳೆಯುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ. ನಾನು ಓದಿದ ವೈದ್ಯಶಾಸ್ತ್ರ ಇದನ್ನು ಕೇಳಲೇಬೇಕೆಂದು ಕಲಿಸಿದೆ.

ಯುನಾನಿ ಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಕಾರಣಗಳನ್ನು ಹೇಳುತ್ತಾರೆ. ಅಸ್ಬಾಬೆ ಸಿತ್ತಾ ಝರೂರಿಯ್ಯಾ ಎಂದು ಅದರ ಹೆಸರು. ಸುತ್ತಲಿನ ಗಾಳಿ, ಅನ್ನ ಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದದ್ದು ಮತ್ತು ಒಳಗೆ ಉಳಿಯಬೇಕಾದದ್ದು. ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ ‘ಅಲ್ ಖಾನೂನ್’ ಗ್ರಂಥದಲ್ಲಿ ಇವುಗಳನ್ನು ವಿವರವಾಗಿ ಬರೆದಿದ್ದಾರೆ. ಕೋಪ, ಸಂತೋಷ, ಭಯ, ದುಃಖ ಇವು ದೇಹದ ಒಳಗಿನ ಶಾಖವನ್ನೂ ಚೈತನ್ಯವನ್ನೂ ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ ಎಂಬುದು ಅವರ ವಿವರಣೆ. ಸಂತೋಷ ಅದನ್ನು ನಿಧಾನವಾಗಿ ಹೊರಕ್ಕೆ ಹರಡುತ್ತದೆ, ದುಃಖ ನಿಧಾನವಾಗಿ ಒಳಕ್ಕೆ ಕುಗ್ಗಿಸುತ್ತದೆ. ಇಂದಿನ ವೈದ್ಯರು ಇದನ್ನೇ ಬೇರೆ ಪದಗಳಲ್ಲಿ ಹೇಳಿಯಾರು. ಆದರೆ ಮನಸ್ಸಿನ ಸಂತೋಷವನ್ನು ಗಾಳಿ, ನೀರು, ಅನ್ನದ ಸಾಲಿನಲ್ಲಿ ಇಟ್ಟದ್ದನ್ನು ಗಮನಿಸಿ. ಅದು ಉಳಿದ ಕೆಲಸ ಮುಗಿದ ಮೇಲೆ ಬೇಕಾದರೆ ಸಿಗುವ ಮಿಠಾಯಿ ಅಲ್ಲ.

ನಮ್ಮ ಮನೆಗಳಲ್ಲಿ ಆಗುವುದು ಇದಕ್ಕೆ ವಿರುದ್ಧ. ಮನೆಯಲ್ಲಿ ಏನೇ ತೊಂದರೆ ಬಂದರೂ ಮೊದಲು ಕತ್ತರಿ ಬೀಳುವುದು ಸಣ್ಣ ಸಂತೋಷಗಳಿಗೆ, ಅದರಲ್ಲೂ ಹೆಂಗಸರ, ವೃದ್ಧರ, ಮಕ್ಕಳ ಸಂತೋಷಗಳಿಗೆ. ಅಜ್ಜಿಯ ಬೆಕ್ಕು ಹೋಗುತ್ತದೆ. ಸೊಳ್ಳೆ ಎಂದು ತಾಯಿಯ ಪುದೀನ ಕುಂಡ ಹೋಗುತ್ತದೆ. ಕುಂಡದ ಕೆಳಗಿನ ತಟ್ಟೆಯ ನೀರು ಚೆಲ್ಲಿದರೆ ಸಾಕಿತ್ತು. ಕಣ್ಣು ಹಾಳಾಗುತ್ತದೆ ಎಂದು ಸೂಜಿ ದಾರ ಅಟ್ಟಕ್ಕೇರುತ್ತದೆ. ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ ಸರಿಯಾದ ಕನ್ನಡಕ ಕೊಡಿಸಿದರೆ ಸಾಕಿತ್ತು. ಸ್ವಚ್ಛತೆಯಿಂದ ಬಗೆಹರಿಯುವ ಸಮಸ್ಯೆಗೆ ನಾವು ಗಡೀಪಾರಿನ ಶಿಕ್ಷೆ ಕೊಡುತ್ತೇವೆ.

ಬೆಕ್ಕಿನ ವಿಷಯದಲ್ಲಂತೂ ನಮಗೆ ನೆಪವಿಲ್ಲ. ಹದೀಸ್ ಗ್ರಂಥಗಳಲ್ಲಿ ಕಬ್ಶಾ ಎಂಬ ಮಹಿಳೆ ಹೇಳಿದ ಒಂದು ಘಟನೆಯಿದೆ. ಆಕೆ ಸಹಾಬಿ ಅಬೂ ಖತಾದಾ(ರ) ಅವರ ಸೊಸೆ. ಮಾವನಿಗೆ ವುಝೂ ಮಾಡಲು ನೀರು ತಂದಿಟ್ಟಿದ್ದರು. ಬೆಕ್ಕೊಂದು ಬಂದು ಕುಡಿಯಲು ನೋಡಿತು. ಮಾವ ಪಾತ್ರೆಯನ್ನು ಓರೆ ಮಾಡಿ ಅದಕ್ಕೆ ಕುಡಿಸಿದರು. ಸೊಸೆ ಬೆರಗಾಗಿ ನೋಡುತ್ತಿರುವುದನ್ನು ಕಂಡು, ಬೆಕ್ಕು ನಜಸ್ ಅಲ್ಲ, ಅದು ನಿಮ್ಮ ನಡುವೆ ಓಡಾಡಿಕೊಂಡಿರುವ ಜೀವಿ ಎಂದು ಪ್ರವಾದಿ(ಸ) ಹೇಳಿದ್ದಾರೆಂದು ತಿಳಿಸಿದರು. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಇದು ವರದಿಯಾಗಿದೆ. ಬೆಕ್ಕು ಬಾಯಿ ಹಾಕಿದ ನೀರಿನ ಬಗ್ಗೆ ಮದ್‌ಹಬ್‌ಗಳ ನಡುವೆ ಇರುವ ಸೂಕ್ಷ್ಮ ವ್ಯತ್ಯಾಸಗಳನ್ನು ಉಲಮಾಗಳಿಂದ ತಿಳಿದುಕೊಳ್ಳಿ. ಬೆಕ್ಕನ್ನು ಕಟ್ಟಿಹಾಕಿ, ಅನ್ನವನ್ನೂ ಕೊಡದೆ ಬೇಟೆಯಾಡಲೂ ಬಿಡದೆ ಸಾಯಿಸಿದ ಹೆಂಗಸಿನ ಶಿಕ್ಷೆಯ ಬಗ್ಗೆ ಬುಖಾರಿ, ಮುಸ್ಲಿಮ್‌ನಲ್ಲಿರುವ ಹದೀಸ್ ಎಲ್ಲರಿಗೂ ಗೊತ್ತು. ಮನೆಯಲ್ಲೇ ಬೆಳೆದ ಬೆಕ್ಕನ್ನು ಗುರುತಿಲ್ಲದ ಬೀದಿಯಲ್ಲಿ, ನಾಯಿಗಳ ನಡುವೆ ಬಿಟ್ಟು ಬರುವಾಗ ಆ ಹದೀಸ್ ನೆನಪಾಗಬೇಕು. ಪುಟ್ಟ ಹುಡುಗ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತಾಗ ಪ್ರವಾದಿ(ಸ) ಅವನನ್ನು ಮಾತಾಡಿಸಿ ಆ ಹಕ್ಕಿಯ ಬಗ್ಗೆ ವಿಚಾರಿಸಿದರು. ಅಷ್ಟು ಹೊಣೆ ಹೊತ್ತವರಿಗೆ ಒಂದು ಮಗುವಿನ ಹಕ್ಕಿ ಸಣ್ಣ ವಿಷಯವಾಗಿರಲಿಲ್ಲ.

ಇನ್ನು ವೈದ್ಯಕೀಯ ಭಯಗಳಿಗೆ ಬರೋಣ. ಭಯ ಪೂರ್ತಿ ಸುಳ್ಳಲ್ಲ, ಅಳತೆ ಮಾತ್ರ ತಪ್ಪು.

ಗರ್ಭಿಣಿಯರ ಬಗ್ಗೆ ಹೇಳುವ ರೋಗದ ಹೆಸರು ಟಾಕ್ಸೋಪ್ಲಾಸ್ಮೋಸಿಸ್. ಗರ್ಭಿಣಿಗೆ ಇದು ಮೊದಲ ಬಾರಿ ತಗಲಿದರೆ ಮಗುವಿಗೆ ತೊಂದರೆಯಾಗಬಹುದು, ನಿಜ. ಆದರೆ ಇದು ಬೆಕ್ಕನ್ನು ಮುಟ್ಟಿದರೆ ಬರುವುದಲ್ಲ. ಸೋಂಕು ತಗಲಿದ ಬೆಕ್ಕಿನ ಮಲದಿಂದ ಬರುತ್ತದೆ. ಬೆಕ್ಕು ಸಾಮಾನ್ಯವಾಗಿ ತನಗೆ ಮೊದಲ ಬಾರಿ ಸೋಂಕಾದಾಗ ಕೆಲವು ವಾರ ಮಾತ್ರ ಈ ರೋಗಾಣುವನ್ನು ಹೊರಹಾಕುತ್ತದೆ. ಹಾಗೆ ಹೊರಬಿದ್ದದ್ದು ಸೋಂಕು ತಗಲಿಸುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಆದ್ದರಿಂದ ಮರಳಿನ ಬೋಗುಣಿಯನ್ನು ದಿನವೂ ಖಾಲಿ ಮಾಡಿ ತೊಳೆದರೆ ಅಪಾಯ ಬಹಳ ಕಡಿಮೆ. ಆ ಕೆಲಸವನ್ನು ಗರ್ಭಿಣಿ ಮಾಡಬಾರದು, ಮನೆಯ ಬೇರೆಯವರು ಮಾಡಬೇಕು. ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ, ಬೇಯಿಸಿ ಹಾಕಿ. ಗರ್ಭಿಣಿ ಇರುವ ಮನೆಗೆ ಹೊಸ ಮರಿಯನ್ನೂ ಆ ತಿಂಗಳುಗಳಲ್ಲಿ ತರಬೇಡಿ. ಮರಿಗಳಲ್ಲಿ ಹೊಸ ಸೋಂಕಿನ ಸಾಧ್ಯತೆ ಹೆಚ್ಚು.

ನಾವು ಮರೆಯುವ ಇನ್ನೊಂದು ಸಂಗತಿ: ಇದೇ ರೋಗಾಣು ಅರೆಬೆಂದ ಮಾಂಸದಿಂದಲೂ, ತೊಳೆಯದ ಸೊಪ್ಪು ತರಕಾರಿಯಿಂದಲೂ, ಮಣ್ಣಿನ ಕೈಯಿಂದಲೂ ಬರುತ್ತದೆ. ಬೆಕ್ಕನ್ನು ಓಡಿಸಿದ ಮನೆಯಲ್ಲಿಯೇ ಗರ್ಭಿಣಿಗೆ ಒಳಗೆ ಕೆಂಪಗಿರುವ ಕಬಾಬ್ ಪ್ರೀತಿಯಿಂದ ಬಡಿಸುವುದನ್ನು ನಾನು ಕಂಡಿದ್ದೇನೆ. ಕುರ್ಬಾನಿಯ ದಿನ ಹಸಿ ಮಾಂಸ ಮುಟ್ಟಿದ ಕೈ, ಚಾಕು, ಹಲಗೆಯನ್ನು ಸೋಪಿನಿಂದ ತೊಳೆಯದೆ ಅದರಲ್ಲೇ ಸೌತೆಕಾಯಿ ಹೆಚ್ಚುವುದನ್ನೂ ಕಂಡಿದ್ದೇನೆ.

ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಉಬ್ಬಸ ಬರುತ್ತದೆ ಎಂಬ ನಂಬಿಕೆಯೂ ಇದೆ. ಅಲರ್ಜಿ ಇರುವವರಿಗೆ ತೊಂದರೆ ಕೊಡುವುದು ಬೆಕ್ಕಿನ ಎಂಜಲು ಮತ್ತು ಚರ್ಮದಲ್ಲಿರುವ ಪ್ರೋಟೀನ್. ಅದು ಒಣಗಿ ಧೂಳಾಗಿ ಗಾಳಿಯಲ್ಲಿ ಸೇರಿ ಉಸಿರಿನ ಮೂಲಕ ಹೋಗುತ್ತದೆ. ಅಲರ್ಜಿ ಇಲ್ಲದವರಿಗೆ ಇದರಿಂದ ಏನೂ ಆಗುವುದಿಲ್ಲ. ಇರುವವರ ಮನೆಯಲ್ಲಿ ಬೆಕ್ಕು ಮಲಗುವ ಕೋಣೆಗೆ ಬರಬಾರದು. ಹಾಗೆ ಮಾಡಿಯೂ ಮಗುವಿಗೆ ಮತ್ತೆ ಮತ್ತೆ ಉಬ್ಬಸ ಬರುತ್ತಿದ್ದರೆ ಬೆಕ್ಕನ್ನು ಬೇರೆ ಮನೆಗೆ ಕೊಡಲೇಬೇಕಾಗಬಹುದು. ಮನೆಗೆ ಕೊಡಿ, ಬೀದಿಗೆ ಬಿಡಬೇಡಿ.

ನಿಜವಾಗಿ ಹೆದರಬೇಕಾದ ಒಂದು ರೋಗವಿದೆ. ಅದಕ್ಕೆ ನಮ್ಮಲ್ಲಿ ಸಾಕಷ್ಟು ಹೆದರಿಕೆಯಿಲ್ಲ. ರೇಬೀಸ್ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ಬರಬಹುದು. ಲಕ್ಷಣ ಕಾಣಿಸಿದ ಮೇಲೆ ರೋಗಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಯುನಾನಿ ವೈದ್ಯಳಾಗಿ ಸ್ಪಷ್ಟವಾಗಿ ಹೇಳುತ್ತೇನೆ: ಇದಕ್ಕೆ ನನ್ನ ಬಳಿ ಮದ್ದಿಲ್ಲ, ಲಸಿಕೆಯೇ ದಾರಿ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಸುಣ್ಣ, ಅರಿಶಿನ, ಮೆಣಸಿನ ಪುಡಿ, ಕಾಫಿ ಪುಡಿ ಯಾವುದನ್ನೂ ಹಚ್ಚಬೇಡಿ. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ದಿನಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ಪೂರ್ಣಗೊಳಿಸಿ. ಬೆಕ್ಕಿಗೆ ಮೂರು ತಿಂಗಳಾದಾಗ ಪಶುವೈದ್ಯರಲ್ಲಿ ರೇಬೀಸ್ ಲಸಿಕೆ ಹಾಕಿಸಿ, ನಂತರ ಅವರು ಹೇಳಿದಂತೆ ಪ್ರತಿವರ್ಷ ಹಾಕಿಸಿ. ಹುಳದ ಔಷಧಿಯನ್ನೂ ಕೊಡಿಸಿ. ಮಕ್ಕಳ ಮೈಮೇಲೆ ದುಂಡಗೆ ಕೆರೆತದ ಕಲೆ ಕಂಡರೆ ಬೆಕ್ಕಿನ ಚರ್ಮವನ್ನೂ ನೋಡಿ. ಹುಳುಕಡ್ಡಿ ಇಬ್ಬರಿಗೂ ಬರುತ್ತದೆ, ಇಬ್ಬರಿಗೂ ಚಿಕಿತ್ಸೆಯಾಗಬೇಕು.

ಬೆಕ್ಕಿನ ಮೂತ್ರ, ಮಲ ನಜಸ್. ಮುಸಲ್ಲಾವನ್ನು ಮಡಚಿ ಎತ್ತರದಲ್ಲಿಡಿ. ಅಡುಗೆ ಪಾತ್ರೆಗಳಿಗೆ ಮುಚ್ಚಳವಿರಲಿ. ಬೆಕ್ಕಿನ ತಟ್ಟೆ ಬೇರೆಯೇ ಇರಲಿ. ಮುಟ್ಟಿದ ಮೇಲೆ ಕೈ ತೊಳೆಯುವುದನ್ನು ಮಕ್ಕಳಿಗೆ ಕಲಿಸಿ. ದಿನಕ್ಕೆ ಐದು ಬಾರಿ ವುಝೂ ಮಾಡುವ ಮನೆಗೆ ಇದು ಕಷ್ಟದ ಪಾಠವಲ್ಲ.

“ಮನೆಯಲ್ಲಿ ನೂರು ಚಿಂತೆ ಇರುವಾಗ ಬೆಕ್ಕಿನ ಚಿಂತೆ ಏಕೆ ಡಾಕ್ಟರ್?” ಎಂದು ಕೇಳುವವರಿದ್ದಾರೆ. ಚಿಂತೆ ನೂರಿರುವುದರಿಂದಲೇ ಎಂದು ನನ್ನ ಉತ್ತರ. ವೃದ್ಧೆಯೊಬ್ಬರಿಗೆ ಬೆಳಿಗ್ಗೆ ಏಳಲು ಒಂದು ಕಾರಣ, ಕೈಗೆ ಒಂದು ಕೆಲಸ, ತನ್ನ ದಾರಿ ಕಾಯುವ ಒಂದು ಜೀವ ಬೇಕು. ಅದನ್ನು ಕಿತ್ತುಕೊಂಡು ನಿದ್ದೆಯ ಗುಳಿಗೆ ಕೊಟ್ಟರೆ ಅದು ಚಿಕಿತ್ಸೆಯಲ್ಲ.

ಆ ದಿನ ಮಗ ಸೊಸೆ ಇಬ್ಬರನ್ನೂ ಕರೆಸಿ ಇಷ್ಟನ್ನೂ ಹೇಳಿದೆ. ಮಗ ಮೂರು ದಿನ ಫಜ್ರ್ ನಮಾಝ್ ಮುಗಿಸಿ ಮಾರ್ಕೆಟ್ ಸುತ್ತಿದರು. ಮುನ್ನಿ ಸಿಗಲಿಲ್ಲ. ಆ ತಾಯಿಗೆ ನಾನು ಕೊಡಬಹುದಾದ ಔಷಧಿ ಇರಲಿಲ್ಲ. ಕಣ್ಣು ಪರೀಕ್ಷೆ ಮಾಡಿಸಿ, ಅಟ್ಟದಿಂದ ಸೂಜಿ ದಾರದ ಡಬ್ಬಿ ಇಳಿಸಿಕೊಡಿ ಎಂದೆ. ಹಳೆಯ ಸೀರೆಗಳನ್ನು ಸೇರಿಸಿ ಬರಲಿರುವ ಮೊಮ್ಮಗುವಿಗೆ ಕೌದಿ ಹೊಲಿಯಲು ಕೂತರು. ಸೊಸೆ ಪಕ್ಕದಲ್ಲಿ ಕೂತು ಕಲಿತರು. ರಮಝಾನ್ ಕಳೆಯುವ ಹೊತ್ತಿಗೆ ನಿದ್ದೆ ಸ್ವಲ್ಪ ಸುಧಾರಿಸಿತ್ತು. ಆದರೂ ಕಾಲ ಬಳಿ ಕೈಯಾಡಿಸಿ ನೋಡುವುದು ಬಿಟ್ಟಿಲ್ಲ ಎಂದು ಸೊಸೆಯೇ ನನಗೆ ಹೇಳಿದರು.

ಹೆರಿಗೆಯಾಗಿ ಕೆಲವು ತಿಂಗಳಾದ ಮೇಲೆ ಆ ಸೊಸೆ ತವರಿನಿಂದ ಬೂದು ಬಣ್ಣದ ಒಂದು ಮರಿ ತಂದರು. ಮೊದಲು ಪಶುವೈದ್ಯರಲ್ಲಿ ತೋರಿಸಿ, ಆಮೇಲೆ ಅತ್ತೆಯ ಮಡಿಲಿಗೆ ಹಾಕಿದರಂತೆ. ಮಗು ಮಲಗುವ ಕೋಣೆಗೆ ಅದಕ್ಕೆ ಪ್ರವೇಶವಿಲ್ಲ. ಮರಳಿನ ಬೋಗುಣಿ ತೊಳೆಯುವ ಕೆಲಸ ಈಗ ಮಗನದ್ದು.

ನಿಮ್ಮ ಮನೆಯಲ್ಲೂ ಏನನ್ನಾದರೂ ಹೊರಹಾಕಲು ಚೀಲ ಹುಡುಕುತ್ತಿದ್ದರೆ, ಒಂದು ದಿನ ತಡೆಯಿರಿ. ಅದು ಯಾರ ಸಂತೋಷ ಎಂದು ಕೇಳಿ. ಸೋಪು, ನೀರು, ಲಸಿಕೆಯಿಂದ ಆಗುವ ಕೆಲಸವೇ ಎಂದು ವೈದ್ಯರನ್ನು ಕೇಳಿ. ಹೆಚ್ಚಿನ ಬಾರಿ ಆಗುತ್ತದೆ.