ಹಸಿರು ಮಿನುಗಿನ ಮೇಲೇಕೆ ಸಿಟ್ಟು?

'ಆ್ಯಂಟಿ-ರಿಫ್ಲೆಕ್ಷನ್ ಕೋಟಿಂಗ್ ಬರೀ ಜೇಬುಗತ್ತರಿ' ಎಂಬ ಕಳೆದ ವಾರದ ಲೇಖನ ಓದಿದೆ. ಲೇಖಕರು ರಾತ್ರಿ ಗಾಡಿ ಓಡಿಸುವವರಲ್ಲ ಅನಿಸುತ್ತದೆ. ಹಸಿರಾಗಿ ಮಿನುಗುವ ಆ ಲೇಪವಿಲ್ಲದ ಸಾದಾ ಪ್ಲಾಸ್ಟಿಕ್ ಲೆನ್ಸಿನ ಎರಡೂ ಮೈ ಸೇರಿ ಸುಮಾರು ಶೇ 8ರಷ್ಟು ಬೆಳಕನ್ನು ಹಿಂದಕ್ಕೆಸೆಯುತ್ತವೆ, 1.67 ವಕ್ರೀಭವನ ಸೂಚ್ಯಂಕದ ತೆಳು ಲೆನ್ಸಾದರೆ ಶೇ 12ರ ಹತ್ತಿರ. ಇದು ಅಂಗಡಿಯವನ ಮಾತಲ್ಲ, ಭೌತಶಾಸ್ತ್ರ. ನನ್ನ ಹಳೇ ಕನ್ನಡಕದಲ್ಲಿ ಎದುರು ಲಾರಿಯ ಒಂದೊಂದು ಹೆಡ್‌ಲೈಟಿನ ಪಕ್ಕಕ್ಕೂ ಮಸುಕು ದೀಪವೊಂದು ದೆವ್ವದಂತೆ ತೇಲುತ್ತಿತ್ತು. ಲೇಪ ಬಂದ ಮೇಲೆ ಅದು ಹೆಚ್ಚುಕಡಿಮೆ ಮಾಯ.

ಬೈಯಲೇಬೇಕಿದ್ದರೆ ನೀಲಿ ಬೆಳಕು ತಡೆಯುವ 'ಬ್ಲೂ ಕಟ್' ಲೆನ್ಸಿನ ಹೆಸರಿನ ಸುಲಿಗೆಯನ್ನು ಬೈಯಿರಿ. ಕಂಪ್ಯೂಟರ್ ಕಣ್ಣಾಯಾಸಕ್ಕೆ ಅದರಿಂದ ಅಲ್ಪಾವಧಿಯಲ್ಲಿ ಪ್ರಯೋಜನ ಇರಲಿಕ್ಕಿಲ್ಲ ಎಂದು ವೈದ್ಯಕೀಯ ಅಧ್ಯಯನಗಳ 2023ರ ಕಾಕ್ರೇನ್ ವಿಮರ್ಶೆಯೇ ಹೇಳಿದೆ.

ಇನ್ನು ಆರೇ ತಿಂಗಳಿಗೆ ಲೇಪ ಕಿತ್ತುಬರುತ್ತದೆ ಎಂಬ ದೂರು. ಧೂಳು ಕೂತ ಲೆನ್ಸನ್ನು ಪಂಚೆಯಂಚಿನಲ್ಲಿ ಒದ್ದೆ ಮಾಡದೆ ತಿಕ್ಕಿದರೆ ಇನ್ನೇನಾದೀತು ಸ್ವಾಮಿ?